ಹಿಗ್ಗಿದ ನಾಳ, ನಲುಗುವ ನರ

ಹಲ್ಲುಜ್ಜಿದರೆ, ತಣ್ಣನೆಯ ಗಾಳಿ ಸೋಕಿದರೆ ಮುಖದ ಒಂದೇ ಬದಿಗೆ ವಿದ್ಯುತ್ ಹೊಡೆದಂಥ ನೋವು. ಹಲ್ಲಿನದೇ ತೊಂದರೆಯೆಂದು ಗಟ್ಟಿ ಹಲ್ಲನ್ನು ಕೀಳಿಸಿಕೊಂಡರೂ ಅದು ಹೋಗುವುದಿಲ್ಲ. ಎಷ್ಟೋ ಸಲ ನೋವಿನ ಮೂಲ ತಲೆಬುರುಡೆಯ ಬುಡದಲ್ಲಿರುತ್ತದೆ: ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರವನ್ನು ಅಲ್ಲಿ ರಕ್ತನಾಳವೊಂದು ಒತ್ತುತ್ತಿರುತ್ತದೆ. ಬಹುಪಾಲು ಅದು ಸಾಮಾನ್ಯ ಗಾತ್ರದ ನಾಳವೇ. ಕೆಲವರಲ್ಲಿ ಮಾತ್ರ ಅಪಧಮನಿಯೇ ಹಿಗ್ಗಿ, ಉದ್ದವಾಗಿ, ಡೊಂಕಾಗಿರುತ್ತದೆ. ಈ ಸ್ಥಿತಿಗೆ ಡಾಲಿಕೋಎಕ್ಟೇಸಿಯಾ ಎಂದು ಹೆಸರು.

ಅನ್ಯೂರಿಸಂನಲ್ಲಿ ಸಾಮಾನ್ಯವಾಗಿ ನಾಳದ ಗೋಡೆ ಒಂದು ಕಡೆ ಉಬ್ಬುತ್ತದೆ. ಇಲ್ಲಿ ಹಾಗಲ್ಲ, ನಾಳದ ಉದ್ದಕ್ಕೂ ಗೋಡೆ ಸಡಿಲಗೊಳ್ಳುತ್ತದೆ. ಹೆಚ್ಚಾಗಿ ಇದಕ್ಕೆ ತುತ್ತಾಗುವುದು ಮಿದುಳುಕಾಂಡದ ಮುಂದೆ ಹಾದುಹೋಗುವ ಬೇಸಿಲಾರ್ ಅಪಧಮನಿ. ಅದರ ಸಹಜ ಅಗಲ 3ರಿಂದ 4 ಮಿ.ಮೀ.; 4.5 ಮಿ.ಮೀ. ದಾಟಿದರೆ ಹಿಗ್ಗಿದೆ ಎಂದು ಲೆಕ್ಕ. ಗೋಡೆಗೆ ಬಿಗಿ ಕೊಡುವ ಸ್ಥಿತಿಸ್ಥಾಪಕ ಪದರ ಛಿದ್ರವಾಗುವುದೇ ಹಿಗ್ಗುವಿಕೆಗೆ ಕಾರಣ. ವಯಸ್ಸು ಮತ್ತು ಬಹುಕಾಲದ ರಕ್ತದೊತ್ತಡ ಇದಕ್ಕೆ ಇಂಬು ಕೊಡುತ್ತವೆ. ಫ್ಯಾಬ್ರಿ ಕಾಯಿಲೆಯಂಥ ಆನುವಂಶಿಕ ರೋಗವಿದ್ದರೆ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು.

ಹೊಳೆಯ ಪಾತ್ರ ಅಗಲವಾದಲ್ಲಿ ನೀರಿನ ಓಟ ಕುಂದಿ ಹೂಳು ಕೂರುವಂತೆ, ಹಿಗ್ಗಿದ ನಾಳದಲ್ಲಿ ರಕ್ತ ನಿಧಾನಿಸಿ ಹೆಪ್ಪುಗಟ್ಟುತ್ತದೆ. ಮಿದುಳುಕಾಂಡಕ್ಕೆ ರಕ್ತವುಣಿಸುವ ಸಣ್ಣ ಕವಲುಗಳು ಜಗ್ಗಿ ಮುಚ್ಚಿಕೊಳ್ಳುತ್ತವೆ. ಹೀಗಾಗಿ ಪಾರ್ಶ್ವವಾಯುವೇ ಇದರ ಅತಿ ಸಾಮಾನ್ಯ ಹಾಗೂ ಗಂಭೀರ ಪರಿಣಾಮ. ಮುಖದ ಸ್ನಾಯುಗಳನ್ನು ಆಡಿಸುವ ನರ ಒತ್ತಿಹೋದರೆ ಅರ್ಧ ಮುಖ ತಾನಾಗಿಯೇ ಸೆಳೆಯುತ್ತದೆ. ಮಿದುಳುಕಾಂಡವೇ ನಲುಗಿದರೆ ನಡಿಗೆ ತೂರಾಡುತ್ತದೆ, ನುಂಗುವುದೂ ಕಷ್ಟ. ಮಿದುಳಿನ ದ್ರವದ ದಾರಿ ಕಟ್ಟಿದರೆ ಒಳಗೇ ನೀರು ತುಂಬುತ್ತದೆ. ನಾಳ ಒಡೆದು ರಕ್ತಸ್ರಾವವಾಗುವುದು ಇವುಗಳಿಗಿಂತ ವಿರಳ, ಆದರೆ ಪ್ರಾಣಾಂತಿಕ.

ಎಂಆರ್‌ಐ ಸ್ಕ್ಯಾನ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹಿಗ್ಗಿದ ನಾಳವನ್ನು ಮತ್ತೆ ಕುಗ್ಗಿಸುವ ಔಷಧವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯೇ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದಾದ್ದರಿಂದ ವೈದ್ಯರು ಪ್ರತಿ ರೋಗಿಗೂ ಅಳೆದು ತೂಗಿ ನಿರ್ಧರಿಸಬೇಕಾಗುತ್ತದೆ. ಮುಖದ ನೋವಿಗೆ ಕಾರ್ಬಮಜೆಪೀನ್ ಮೊದಲ ಮದ್ದು. ರಕ್ತನಾಳ ಟ್ರೈಜೆಮಿನಲ್ ನರವನ್ನು ಒತ್ತುವುದನ್ನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲೇ ಗುರುತಿಸಿದ್ದರು. 1960ರ ದಶಕದಿಂದ ಪೀಟರ್ ಜೆನೆಟ್ಟಾ ಸೂಕ್ಷ್ಮದರ್ಶಕದ ನೆರವಿನಿಂದ ನಾಳವನ್ನು ನರದಿಂದ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಇಂದು ನಡುವೆ ಟೆಫ್ಲಾನ್ ಮೆತ್ತೆ ಇಡುವುದು ರೂಢಿ. ನಾಳ ತೀರ ದಪ್ಪಗಾಗಿ ಗಡುಸಾಗಿದ್ದರೆ ಅದನ್ನು ಸರಿಸುವುದು ಸುಲಭವಲ್ಲ.

ಹಾಗಾಗಿ ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ರಕ್ತದೊತ್ತಡದ ಹತೋಟಿ. ತಲೆನೋವಿಲ್ಲ, ತಲೆಸುತ್ತಿಲ್ಲ ಎಂದು ಬಿಪಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಒತ್ತಡ ನಾಳದ ಗೋಡೆಯನ್ನು ಸವೆಸುವುದು ನೋವಿಲ್ಲದೆಯೇ ಎಂಬುದನ್ನು ಅವರಿಗೆ ತಿಳಿಹೇಳಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ನಡಿಗೆ ಹಠಾತ್ತನೆ ತಪ್ಪಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.