ಗಣಕಯಂತ್ರದಲ್ಲಿ ಗ್ರಂಥವಿನ್ಯಾಸ

ಇಮ್ಮಡಿ ನಾಗವರ್ಮನ ಕಾವ್ಯಾವಲೋಕನವು ಅಲಂಕಾರಗ್ರಂಥವೆಂದು ಪ್ರಸಿದ್ಧವಾದುದು. ಆದರೆ ಅದರ ಮೊದಲನೆಯ ಅಧಿಕರಣವಾದ ಶಬ್ದಸ್ಮೃತಿಯು ಕನ್ನಡ ವ್ಯಾಕರಣವೇ ಆಗಿರುವುದು. ಗಣಕಯಂತ್ರದಲ್ಲಿ ಇದನ್ನು ಯಾವ ಫೋಲ್ಡರಿನಲ್ಲಿಡತಕ್ಕದ್ದು? ಅಲಂಕಾರದಲ್ಲಿಟ್ಟರೆ ವ್ಯಾಕರಣವನ್ನು ಅರಸುವವನಿಗೆ ದೊರೆಯದು. ಎರಡೆಡೆಯಲ್ಲಿಯೂ ಪ್ರತಿಯನ್ನಿಟ್ಟರೆ ದೋಷವು ಮತ್ತೂ ಹೆಚ್ಚುವುದು. ನಾನು ಹಾಗೆ ಮಾಡಿ, ಪಾಠಾಂತರಗಳನ್ನು ಒಂದು ಪ್ರತಿಯಲ್ಲಿ ಮಾತ್ರ ಗುರುತಿಸಿ, ಬಳಿಕ ಮರೆತು ತಿದ್ದದ ಪ್ರತಿಯಿಂದಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದೆನು.

ಒಂದು ವಿಷಯಕ್ಕೆ ಅನೇಕ ಮುಖಗಳುಂಟೆಂಬುದನ್ನು ಎಸ್. ಆರ್. ರಂಗನಾಥನ್‌ರವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ತೋರಿಸಿರುವರು. ಆದರೂ ಕಪಾಟಿನಲ್ಲಿ ಒಂದು ಪ್ರತಿಗೆ ಒಂದೇ ಸ್ಥಾನ. ಫೋಲ್ಡರೂ ಅಂತಹ ಸ್ಥಾನವೇ. ಟ್ಯಾಗಾದರೋ ಧರ್ಮವು. ಒಂದೇ ಹಣ್ಣಿನಲ್ಲಿ ರೂಪರಸಗಂಧಗಳು ಕೂಡಿರುವಂತೆ ಒಂದೇ ಪ್ರತಿಗೆ ‘ಅಲಂಕಾರ’, ‘ವ್ಯಾಕರಣ’ ಎಂಬೆರಡು ಟ್ಯಾಗುಗಳು ಕೂಡಿರಬಹುದು.

ಟ್ಯಾಗಿಗೂ ದೋಷಗಳುಂಟು. ‘ವ್ಯಾಕರಣ’ವೆಂದೊಮ್ಮೆ, ‘ಶಬ್ದಶಾಸ್ತ್ರ’ವೆಂದೊಮ್ಮೆ ಬರೆದರೆ ಯಂತ್ರವು ಅವನ್ನು ಪರ್ಯಾಯಪದಗಳೆಂದು ತಾನಾಗಿ ಎಣಿಸದು. ಮೇಲಾಗಿ ಕ್ಯಾಲಿಬರ್ ಮೊದಲಾದ ತಂತ್ರಾಂಶಗಳು ಟ್ಯಾಗುಗಳನ್ನು ತಮ್ಮದೇ ಸೂಚಿಯಲ್ಲಿಟ್ಟಿರುವುವು. ಗ್ರಂಥದ ಕಡತವನ್ನಷ್ಟೇ ಬೇರೆ ಯಂತ್ರಕ್ಕೆ ನಕಲುಮಾಡಿದರೆ ಅವು ಅದರೊಡನೆ ಹೋಗದಿರಬಹುದು.

ಆದಕಾರಣ ಎರಡನ್ನೂ ಬಳಸತಕ್ಕದ್ದು. ಫೋಲ್ಡರಿಗೆ ಕರ್ತೃವಿನ ಹೆಸರನ್ನಿಡಬೇಕು. ಕವಿರಾಜಮಾರ್ಗದಂತೆ ಕರ್ತೃವಿಚಾರದಲ್ಲಿ ಮತಭೇದವಿರುವಲ್ಲಿ ಗ್ರಂಥದ ಹೆಸರೇ ಸಾಕು. ವಿಷಯವನ್ನು ಟ್ಯಾಗಿಗೆ ಬಿಡಬೇಕು. ಆದರೆ ಟ್ಯಾಗಿನ ಪದಗಳನ್ನು ಮೊದಲೇ ನಿಶ್ಚಯಿಸಿ ಪಟ್ಟಿಮಾಡಿಕೊಂಡಿರಬೇಕು. ಪ್ರತಿಯು ಒಂದೇ ಆದಲ್ಲಿ ತಿದ್ದುಪಡಿಯೂ ಒಂದೆಡೆಯಲ್ಲಿ ನಿಲ್ಲುವುದು. ಪಾಠಶುದ್ಧಿಯನ್ನು ಬಯಸುವವರಿಗೆ ಇದೇ ಮುಖ್ಯ ಪ್ರಯೋಜನವು.