ಮೊಳಕೆಯಲ್ಲಿ ಕಾಣದ ಸಿರಿ

2007ನೇ ಇಸವಿ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ, ಹೊಸ ಆಟಗಾರರ ಆಯ್ಕೆಗೆ ಮುನ್ನ ಪ್ರತಿವರ್ಷದಂತೆ ದೇಹಪರೀಕ್ಷೆ ನಡೆಸಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ 18 ವರ್ಷದ ನೀಳಕಾಯದ ಹುಡುಗನೊಬ್ಬ ಬೆಂಚಿನ ಮೇಲೆ ಅಂಗಾತ ಮಲಗಿದ. ಸುಮಾರು 84 ಕಿಲೋ ಭಾರದ ಸಲಾಕೆಯನ್ನು ಎದೆಯಿಂದ ಮೇಲಕ್ಕೆ ಎಷ್ಟು ಸಲ ಎತ್ತಬಲ್ಲ ಎಂಬುದು ಪರೀಕ್ಷೆ. ಅವನಿಗೆ ಒಂದು ಸಲವೂ ಎತ್ತಲಾಗಲಿಲ್ಲ. ಆ ಹುಡುಗನೇ ಕೆವಿನ್ ಡ್ಯುರಾಂಟ್. ಮುಂದೆ ನಾಲ್ಕು ಋತುಗಳಲ್ಲಿ ಎನ್‌ಬಿಎಯ ಅಗ್ರ ಸ್ಕೋರರ್ ಎನಿಸಿದವರು, 2014ರಲ್ಲಿ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದವರು ಇವರೇ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮಲ್ಲಿದೆ. ಎನ್‌ಬಿಎ ತಂಡಗಳು ಈ ಗಾದೆಯನ್ನು ನಂಬಿ ಪ್ರತಿವರ್ಷ ಕೋಟಿಗಟ್ಟಲೆ ಡಾಲರ್ ಹೂಡುತ್ತವೆ. ಆದರೆ ‘ಸ್ಮಾಲ್ ಫಾರ್ವರ್ಡ್’ ಎಂಬ ಸ್ಥಾನದಲ್ಲಿ ಆಡುವ ಹುಡುಗರ ವಿಷಯಕ್ಕೆ ಬಂದಾಗ ಗಾದೆ ಮೇಲಿಂದ ಮೇಲೆ ಸುಳ್ಳಾಗಿದೆ. ಅಳೆದು ತೂಗಿ ಆರಿಸಿಕೊಂಡವರು ಸೊರಗಿದ್ದಾರೆ; ಕಣ್ಣಿಗೇ ಬೀಳದವರು ಆಕಾಶಕ್ಕೆ ಬೆಳೆದಿದ್ದಾರೆ. ಹೀಗೇಕೆ?

ಸರದಿಯ ಲೆಕ್ಕ

ಐಪಿಎಲ್ ಹರಾಜನ್ನು ಕಂಡವರಿಗೆ ಎನ್‌ಬಿಎಯ ‘ಡ್ರಾಫ್ಟ್’ ಸ್ವಲ್ಪ ವಿಚಿತ್ರವಾಗಿ ತೋರಬಹುದು. ಇಲ್ಲಿ ಕೂಗಾಟವಿಲ್ಲ, ಪೈಪೋಟಿಯ ಬೆಲೆಯಿಲ್ಲ. ಇರುವ 30 ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಆಟಗಾರನ ಹೆಸರು ಹೇಳುತ್ತವೆ. ಇಂತಹ ಎರಡು ಸುತ್ತುಗಳು. ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಅವಕಾಶ. ಬಲಹೀನರು ಹೀಗೆ ಬಲಗೊಂಡರೆ ಪಂದ್ಯಗಳಿಗೆ ಸ್ವಾರಸ್ಯ ಬರುತ್ತದೆಂಬುದು ಲೆಕ್ಕಾಚಾರ.

ಆದರೆ ಮೊದಲ ಸರದಿಯ ಆಸೆಗೆ ತಂಡಗಳು ಬೇಕೆಂದೇ ಸೋಲುವ ಅಪಾಯವಿದೆ. ಅದನ್ನು ತಡೆಯಲು 1985ರಿಂದ ಲಾಟರಿ ಎತ್ತುವ ಪದ್ಧತಿ ಬಂತು. 2019ರ ನಂತರದ ನಿಯಮದಂತೆ ತೀರಾ ಕೆಳಗಿನ ಮೂರು ತಂಡಗಳಿಗೂ ಮೊದಲ ಸರದಿ ದಕ್ಕುವ ಸಾಧ್ಯತೆ ತಲಾ ಶೇ. 14 ಎಂದಾಯಿತು. 2025ರಲ್ಲಿ ಶೇ. 1.8ರಷ್ಟು ಮಾತ್ರ ಸಾಧ್ಯತೆಯಿದ್ದ ಡಲ್ಲಾಸ್ ಮಾವೆರಿಕ್ಸ್ ತಂಡಕ್ಕೆ ಅದೃಷ್ಟ ಒಲಿದು, ಡ್ಯೂಕ್ ವಿಶ್ವವಿದ್ಯಾಲಯದ ಫಾರ್ವರ್ಡ್ ಕೂಪರ್ ಫ್ಲ್ಯಾಗ್ ಆ ತಂಡದ ಪಾಲಾದರು.

ಡ್ರಾಫ್ಟ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಎಲ್ಲವೂ ದಕ್ಕಿತೆಂದಲ್ಲ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಇದೇ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತ್ತು. ಭಾರತದಲ್ಲಿ ಹುಟ್ಟಿದ ಆಟಗಾರನಿಗೆ ಅದು ಮೊದಲ ಗೌರವ. ಆದರೆ ಎನ್‌ಬಿಎಯ ಒಂದು ಪಂದ್ಯವನ್ನೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ.

ನಡುವಿನವನ ಪಾಡು

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅಂಕಣದ ಮೇಲೆ ಐವರು. ಚೆಂಡು ನಡೆಸಿಕೊಂಡು ಬರುವ ಚುರುಕಿನ ಇಬ್ಬರು ಗಾರ್ಡ್‌ಗಳು, ಬುಟ್ಟಿಯ ಬುಡದಲ್ಲಿ ಬೇರೂರಿ ನಿಲ್ಲುವ ಸೆಂಟರ್ ಮತ್ತು ಪವರ್ ಫಾರ್ವರ್ಡ್. ಇವರ ನಡುವಿನವನು ಸ್ಮಾಲ್ ಫಾರ್ವರ್ಡ್. ಹೆಸರಿಗೆ ಸ್ಮಾಲ್, ಎತ್ತರ ಸಾಮಾನ್ಯವಾಗಿ ಆರೂವರೆ ಅಡಿಗೂ ಹೆಚ್ಚು.

ಉಳಿದವರಿಗೆ ಒಂದೊಂದು ಗೊತ್ತಾದ ಕಸುಬಿದೆ. ಏಳಡಿಯ ಸೆಂಟರ್ ನಿಧಾನವಾಗಿ ಓಡಿದರೂ ನಡೆದೀತು. ಗಾರ್ಡ್ ಗಿಡ್ಡನಾದರೂ ಚೆಂಡು ಹಂಚುವ ಜಾಣ್ಮೆಯಿದ್ದರೆ ಸಾಕು. ಸ್ಮಾಲ್ ಫಾರ್ವರ್ಡ್‌ಗೆ ಇಂತಹ ರಿಯಾಯಿತಿ ಇಲ್ಲ. ದೂರದಿಂದ ಚೆಂಡು ಎಸೆಯಬೇಕು, ನುಗ್ಗಿ ಬುಟ್ಟಿ ಸೇರಿಸಬೇಕು, ಎದುರಾಳಿ ಗಾರ್ಡ್‌ನ ವೇಗಕ್ಕೂ ಫಾರ್ವರ್ಡ್‌ನ ಬಲಕ್ಕೂ ಅಡ್ಡ ನಿಲ್ಲಬೇಕು. ಕ್ರಿಕೆಟ್ಟಿನ ಆಲ್‌ರೌಂಡರ್‌ನ ಸ್ಥಿತಿಯೇ ಇವನದು. ಎಲ್ಲವೂ ಬಂದರೆ ಇವನಂತಹ ಆಟಗಾರನಿಲ್ಲ. ಎಲ್ಲವೂ ಅರೆಬರೆಯಾದರೆ ಎಡಬಿಡಂಗಿ. ಹದಿನೆಂಟು, ಹತ್ತೊಂಬತ್ತರ ಹುಡುಗನಲ್ಲಿ ಈ ಎರಡರ ವ್ಯತ್ಯಾಸ ಕಂಡುಹಿಡಿಯುವುದೇ ತಂಡಗಳ ಮುಂದಿನ ಕಗ್ಗಂಟು.

ಮಾರು, ಗೇಣು, ಶೇಕಡಾವಾರು

ಮೊದಲ ಹೆಜ್ಜೆ ಅಳತೆ. ಬರಿಗಾಲಿನ ಎತ್ತರ, ಜಿಗಿತ, ಓಟ, ಪಕ್ಕಕ್ಕೆ ಸರಿಯುವ ವೇಗ ಎಲ್ಲವನ್ನೂ ದಾಖಲಿಸುತ್ತಾರೆ. ಕಾಲೇಜುಗಳು ಪ್ರಕಟಿಸುವ ಎತ್ತರವನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ. 2025ರಲ್ಲಿ ರಟ್ಜರ್ಸ್ ವಿಶ್ವವಿದ್ಯಾಲಯದ ಏಸ್ ಬೈಲಿ 6 ಅಡಿ 10 ಇಂಚು ಎಂದೇ ಹೆಸರಾಗಿದ್ದರು. ಬರಿಗಾಲಲ್ಲಿ ನಿಲ್ಲಿಸಿ ಅಳೆದಾಗ ಸಿಕ್ಕಿದ್ದು 6 ಅಡಿ ಏಳೂವರೆ ಇಂಚು.

ಎತ್ತರಕ್ಕಿಂತ ಹೆಚ್ಚು ಮಹತ್ವ ತೋಳಿನ ಉದ್ದಕ್ಕೆ. ಎರಡೂ ಕೈ ಚಾಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಅಳತೆಯನ್ನು ಹೂ ಮಾರುವವರು ‘ಮಾರು’ ಎನ್ನುತ್ತಾರಲ್ಲ, ಅದೇ ಲೆಕ್ಕ. ಸಾಮಾನ್ಯರಲ್ಲಿ ಮಾರು ಹೆಚ್ಚುಕಡಿಮೆ ಎತ್ತರದಷ್ಟೇ ಇರುತ್ತದೆ. ಡ್ಯುರಾಂಟ್ ಅವರ ಮಾರು ಏಳು ಅಡಿ ನಾಲ್ಕು ಇಂಚಿಗೂ ಹೆಚ್ಚಿತ್ತು. ಸಲಾಕೆ ಎತ್ತದ ಹುಡುಗನನ್ನು ಎರಡನೆಯ ಸರದಿಯಲ್ಲೇ ಸಿಯಾಟಲ್ ತಂಡ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಸ್ನಾಯುಬಲವನ್ನು ವ್ಯಾಯಾಮದಿಂದ ಪಡೆಯಬಹುದು. ತೋಳಿನ ಉದ್ದವನ್ನು ಯಾರೂ ಕಲಿಸಲಾರರು.

ಎರಡನೆಯದು ಅಂಕಿಸಂಖ್ಯೆ. ಇಲ್ಲಿ ಮೋಸಹೋಗುವುದು ಸುಲಭ. 2005-06ರಲ್ಲಿ ಗೊಂಜಾಗ ವಿಶ್ವವಿದ್ಯಾಲಯದ ಆ್ಯಡಂ ಮಾರಿಸನ್ ಪಂದ್ಯವೊಂದಕ್ಕೆ ಸರಾಸರಿ 28.1 ಪಾಯಿಂಟ್ ಗಳಿಸಿ ಇಡೀ ಅಮೆರಿಕದ ಕಾಲೇಜು ಆಟಗಾರರಲ್ಲಿ ಮೊದಲಿಗರಾದರು. ಷಾರ್ಲಟ್ ತಂಡ ಮೂರನೆಯ ಸರದಿಯಲ್ಲಿ ಅವರನ್ನು ಆರಿಸಿತು. ಆದರೆ ಎನ್‌ಬಿಎಯ ವೇಗಕ್ಕೆ ಅವರ ಕಾಲು ಸಾಲಲಿಲ್ಲ. ಮರುವರ್ಷ ಮಂಡಿಗೆ ಪೆಟ್ಟು ಬಿತ್ತು. ಒಟ್ಟು 161 ಪಂದ್ಯಗಳಿಗೆ, 7.5 ಪಾಯಿಂಟ್ ಸರಾಸರಿಗೆ ಅವರ ಎನ್‌ಬಿಎ ಬದುಕು ಮುಗಿಯಿತು. ಕಾಲೇಜಿನಲ್ಲಿ ಇಡೀ ತಂಡ ಒಬ್ಬನಿಗಾಗಿ ಆಡುತ್ತದೆ. ವೃತ್ತಿಯಲ್ಲಿ ಆ ಭಾಗ್ಯ ಬೆರಳೆಣಿಕೆಯವರಿಗೆ ಮಾತ್ರ.

ದೂರದ ಎಸೆತದ ಲೆಕ್ಕವೂ ಹೀಗೆಯೇ. ಮೂರು ಪಾಯಿಂಟ್ ಕೊಡುವ ಗೆರೆ ಕಾಲೇಜಿನಲ್ಲಿ ಹತ್ತಿರ, ಎನ್‌ಬಿಎಯಲ್ಲಿ ದೂರ. ಎಸೆತಗಳ ಸಂಖ್ಯೆಯೂ ಕಡಿಮೆ. ಹೀಗಾಗಿ ಅನುಭವಸ್ಥರು ‘ಫ್ರೀ ಥ್ರೋ’ ಕಡೆಗೂ ಕಣ್ಣಿಡುತ್ತಾರೆ. ಹದಿನೈದು ಅಡಿ ದೂರ, ಅಡ್ಡ ನಿಲ್ಲುವವರಿಲ್ಲ, ಎಲ್ಲೆಡೆಯೂ ಒಂದೇ ನಿಯಮ. ಹುಡುಗನ ಕೈ ಎಷ್ಟು ಪಳಗಿದೆಯೆಂಬುದು ಅಲ್ಲಿ ತಿಳಿಯುತ್ತದೆ.

ಒಂದೇ ರಾತ್ರಿ, ಎರಡು ದಾರಿ

2011ರ ಜೂನ್ 23ರ ಡ್ರಾಫ್ಟ್ ಈ ಎಲ್ಲ ಮಾತಿಗೂ ಒಳ್ಳೆಯ ಉದಾಹರಣೆ. ಅರಿಜೋನ ವಿಶ್ವವಿದ್ಯಾಲಯದ ಡೆರಿಕ್ ವಿಲಿಯಮ್ಸ್ ಎರಡನೆಯವರಾಗಿ ಮಿನೆಸೋಟ ತಂಡಕ್ಕೆ ಹೋದರು. ಆ ವರ್ಷ ಕಾಲೇಜಿನಲ್ಲಿ ಅವರ ಮೂರು ಪಾಯಿಂಟ್ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬುಟ್ಟಿ ಸೇರಿದ್ದವು. ಆದರೆ ಒಟ್ಟು ಎಸೆದದ್ದು ನೂರಕ್ಕೂ ಕಡಿಮೆ. ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಕವಾಯ್ ಲೆನಾರ್ಡ್ ಅವರ ಪ್ರಮಾಣ ಬರೀ ಶೇ. 29. ‘ಈ ಹುಡುಗನಿಗೆ ಎಸೆಯಲು ಬರುವುದಿಲ್ಲ’ ಎಂದುಕೊಂಡು ಒಂದರ ಹಿಂದೆ ಒಂದು ತಂಡ ಅವರನ್ನು ದಾಟಿ ಹೋಯಿತು. ಕೊನೆಗೆ 15ನೆಯ ಸರದಿಯಲ್ಲಿ ಇಂಡಿಯಾನ ತಂಡ ಆರಿಸಿ, ಜಾರ್ಜ್ ಹಿಲ್ ಎಂಬ ಗಾರ್ಡ್‌ಗೆ ಬದಲಾಗಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು.

ಲೆನಾರ್ಡ್ ಅವರ ಮಾರು 7 ಅಡಿ 3 ಇಂಚು. ಗೇಣು ಹನ್ನೊಂದು ಕಾಲು ಇಂಚು. ನಮ್ಮ ವಾಡಿಕೆಯ ಗೇಣು ಒಂಬತ್ತು ಇಂಚು ಎಂಬುದನ್ನು ನೆನೆದರೆ ಆ ಅಂಗೈಯ ಅಗಾಧತೆ ತಿಳಿಯುತ್ತದೆ. ಫ್ರೀ ಥ್ರೋನಲ್ಲಿ ನಾಲ್ಕಕ್ಕೆ ಸುಮಾರು ಮೂರು ಬುಟ್ಟಿ ಸೇರುತ್ತಿದ್ದವು. ಎಂದರೆ ಕೈಯಲ್ಲಿ ಹದವಿತ್ತು, ತಿದ್ದುವವರು ಬೇಕಿತ್ತು. ಸ್ಪರ್ಸ್ ತಂಡದಲ್ಲಿ ಚಿಪ್ ಎಂಗಲ್ಯಾಂಡ್ ಎಂಬ ಎಸೆತದ ಗುರುವಿದ್ದರು. ಅವರು ಚೆಂಡು ಬಿಡುವ ರೀತಿಯನ್ನು ತಿದ್ದಿದರು. ಮೊದಲ ಋತುವಿನಲ್ಲೇ ಪ್ರಮಾಣ ಶೇ. 37 ದಾಟಿತು. 2014ರಲ್ಲಿ ಸ್ಪರ್ಸ್, 2019ರಲ್ಲಿ ಟೊರಾಂಟೊ ತಂಡ ಪ್ರಶಸ್ತಿ ಗೆದ್ದಾಗ ಎರಡೂ ಬಾರಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಲೆನಾರ್ಡ್ ಅವರೇ.

ಅತ್ತ ವಿಲಿಯಮ್ಸ್ ಕಾಲಿಟ್ಟ ಮಿನೆಸೋಟದಲ್ಲಿ ಫಾರ್ವರ್ಡ್ ಸ್ಥಾನಗಳಲ್ಲಿ ಕೆವಿನ್ ಲವ್, ಮೈಕೆಲ್ ಬೀಸ್ಲಿ ಆಗಲೇ ಇದ್ದರು. ಒಂದು ಸ್ಥಾನಕ್ಕೆ ವೇಗ ಸಾಲದು, ಇನ್ನೊಂದಕ್ಕೆ ಮೈಕಟ್ಟು ಸಾಲದು ಎಂಬ ಮಾತು ಅವರ ಬೆನ್ನು ಬಿಡಲಿಲ್ಲ. ತಂಡದಿಂದ ತಂಡಕ್ಕೆ ಅಲೆಯುವುದೇ ಆಯಿತು. ಇಬ್ಬರೂ ಮನೆ ಬದಲಿಸಿಕೊಂಡಿದ್ದರೆ ಏನಾಗುತ್ತಿತ್ತೋ ಹೇಳುವಂತಿಲ್ಲ. ಆದರೆ ಬೀಜದಷ್ಟೇ ನೆಲವೂ ಮುಖ್ಯ ಎಂಬುದಂತೂ ಆ ರಾತ್ರಿಯ ಪಾಠ.

ಸಾಮಾನು ಕಾಯುವವನ ಎತ್ತರ

ಬೀಜವೇ ತಡವಾಗಿ ಮೊಳೆತ ಕತೆ ಸ್ಕಾಟಿ ಪಿಪ್ಪೆನ್ ಅವರದು. ಅರ್ಕಾನ್ಸಾ ರಾಜ್ಯದ ಹ್ಯಾಂಬರ್ಗ್ ಎಂಬ ಸಣ್ಣ ಊರಿನ ಹನ್ನೆರಡು ಮಕ್ಕಳ ಬಡ ಸಂಸಾರ. ತಂದೆ ಲಕ್ವ ಹೊಡೆದು ಗಾಲಿಕುರ್ಚಿ ಹಿಡಿದಿದ್ದರು. ಶಾಲೆ ಮುಗಿಸಿದಾಗ ಪಿಪ್ಪೆನ್ ಅವರ ಎತ್ತರ 6 ಅಡಿ 1 ಇಂಚು; ಯಾವ ದೊಡ್ಡ ವಿಶ್ವವಿದ್ಯಾಲಯವೂ ಕರೆಯಲಿಲ್ಲ. ಸೆಂಟ್ರಲ್ ಅರ್ಕಾನ್ಸಾ ಕಾಲೇಜಿನಲ್ಲಿ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸ ಮಾಡುತ್ತಾ ಆಡಲು ಶುರುಮಾಡಿದರು. ಓದು ಮುಗಿಯುವಷ್ಟರಲ್ಲಿ ಎತ್ತರ 6 ಅಡಿ 8 ಇಂಚು.

ಗಿಡ್ಡನಾಗಿದ್ದಾಗ ಗಾರ್ಡ್ ಆಗಿ ಕಲಿತ ಚೆಂಡಿನ ಹಿಡಿತ ಉದ್ದವಾದ ಮೇಲೂ ಉಳಿಯಿತು. ಸ್ಮಾಲ್ ಫಾರ್ವರ್ಡ್‌ಗೆ ಇದಕ್ಕಿಂತ ವರವಿಲ್ಲ. 1987ರಲ್ಲಿ ಐದನೆಯವರಾಗಿ ಆಯ್ಕೆಯಾಗಿ ಅದೇ ದಿನ ಷಿಕಾಗೊ ಬುಲ್ಸ್ ಪಾಲಾದ ಪಿಪ್ಪೆನ್, ಮೈಕೆಲ್ ಜೋರ್ಡಾನ್ ಜೊತೆಗೂಡಿ ಆರು ಬಾರಿ ಪ್ರಶಸ್ತಿ ಗೆದ್ದರು.

ಕಾಯುವ ತಾಳ್ಮೆಗೂ ಬೆಲೆಯಿದೆ. 1978ರಲ್ಲಿ ಇಂಡಿಯಾನ ಸ್ಟೇಟ್‌ನ ಲ್ಯಾರಿ ಬರ್ಡ್ ಅವರನ್ನು ಆರಿಸಲು ನಿಯಮದ ಅಡ್ಡಿಯಿರಲಿಲ್ಲ. ಆದರೆ ಅವರು ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುವವರಿದ್ದರು. ಐದು ತಂಡಗಳು ಬಿಟ್ಟುಕೊಟ್ಟವು. ಅವುಗಳಲ್ಲಿ ಬರ್ಡ್ ಅವರ ತವರು ರಾಜ್ಯದ ಇಂಡಿಯಾನ ಪೇಸರ್ಸ್ ಕೂಡ ಒಂದು. ಆರನೆಯ ಸರದಿಯ ಬಾಸ್ಟನ್ ಸೆಲ್ಟಿಕ್ಸ್ ಕಾಯಲು ಒಪ್ಪಿತು. 1978-79ರಲ್ಲಿ 29 ಪಂದ್ಯ ಗೆದ್ದಿದ್ದ ತಂಡ, ಬರ್ಡ್ ಬಂದ ಮರುಋತುವಿನಲ್ಲಿ 61 ಗೆದ್ದಿತು.

ಸ್ಥಾನದ ಬೆಲೆ

ತಂಡಕ್ಕೆ ಇದು ಸೋಲುಗೆಲುವಿನ ಮಾತು. ಹುಡುಗನಿಗೆ ಅನ್ನದ ಮಾತು. 1994ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಗ್ಲೆನ್ ರಾಬಿನ್ಸನ್ ಮಿಲ್ವಾಕಿ ತಂಡದಿಂದ 10 ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಪಡೆದರು. ಇನ್ನೂ ಒಂದು ಪಂದ್ಯ ಆಡದವರಿಗೆ ಇಷ್ಟೊಂದು ಹಣವೇ ಎಂಬ ಗುಲ್ಲೆದ್ದು, ಮರುವರ್ಷ ಹೊಸಬರಿಗೆ ಸ್ಥಾನಕ್ಕೆ ತಕ್ಕ ಸಂಬಳದ ಪಟ್ಟಿ ಬಂತು. ಮೊದಲ ಸುತ್ತಿನವರಿಗೆ ಈಗ ಎರಡು ವರ್ಷದ ಸಂಬಳ ಖಾತರಿ. ಎರಡನೆಯ ಸುತ್ತಿನವರಿಗೆ ಅಂತಹ ಭರವಸೆಯಿಲ್ಲ. 30ನೆಯವನಿಗೂ 31ನೆಯವನಿಗೂ ಆಟದಲ್ಲಿ ಕೂದಲೆಳೆಯ ಅಂತರವಿರಬಹುದು. ಬದುಕಿನಲ್ಲಿ ಆ ಅಂತರ ದೊಡ್ಡದು.

ಬಡತನ ಕಂಡವರು ಆಮೇಲೂ ಆ ಭಯ ಮರೆಯುವುದಿಲ್ಲ. ಮನೆಯವರಿಗೆ ನೆಲೆಯಾಗಲೆಂದು ಪಿಪ್ಪೆನ್ 1991ರಲ್ಲಿ ಒಟ್ಟು 1.8 ಕೋಟಿ ಡಾಲರಿನ ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಿದರು. ಸಂಬಳಗಳು ಗಗನಕ್ಕೇರಿದ 1997-98ರಲ್ಲಿ, ಆರನೆಯ ಪ್ರಶಸ್ತಿ ಗೆದ್ದ ತಮ್ಮದೇ ತಂಡದಲ್ಲಿ ಅವರ ಸಂಬಳಕ್ಕೆ ಆರನೆಯ ಸ್ಥಾನ.

ಈಗ ತಂಡಗಳ ಬಳಿ ವಿಡಿಯೊ, ಕಂಪ್ಯೂಟರ್, ಲೆಕ್ಕತಜ್ಞರ ದಂಡೇ ಇದೆ. ಆದರೂ 2013ರಲ್ಲಿ ಗ್ರೀಸಿನ ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ 18ರ ಯಾನಿಸ್ ಆಂಟೆಟೊಕೂಂಪೊ 15ನೆಯ ಸರದಿಯವರೆಗೆ ಉಳಿದಿದ್ದರು. ಮಿಲ್ವಾಕಿ ತಂಡ ಆರಿಸಿದ ಮೇಲೆ ಅವರು ಇನ್ನಷ್ಟು ಎತ್ತರ ಬೆಳೆದರು. ಅದೇ ವರ್ಷ ಆ ತಂಡ ಡೆಟ್ರಾಯಿಟ್‌ನಿಂದ ಇನ್ನೊಬ್ಬ ಸ್ಮಾಲ್ ಫಾರ್ವರ್ಡ್‌ನನ್ನು ಕರೆತಂದಿತು. ಹೆಸರು ಕ್ರಿಸ್ ಮಿಡಲ್‌ಟನ್. ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ 39ನೆಯವರು. ಎಂಟು ವರ್ಷ ಒಟ್ಟಿಗೆ ಆಡಿ, 2021ರಲ್ಲಿ ಈ ಇಬ್ಬರೂ ಸೇರಿ ಮಿಲ್ವಾಕಿಗೆ ಅರ್ಧ ಶತಮಾನದ ನಂತರ ಪ್ರಶಸ್ತಿ ತಂದುಕೊಟ್ಟರು. ಅವರನ್ನು ದಾಟಿ ಹೋದವರಿಗೆಲ್ಲ ಅಳತೆಪಟ್ಟಿಯಿತ್ತು. ಮಿಲ್ವಾಕಿಯಲ್ಲಿ ಹುಡುಗರು ಬೆಳೆಯಲು ಎಂಟು ವರ್ಷದ ಅವಕಾಶವೂ ಇತ್ತು.