ತಿಳಿಯೋ, ರಾಡಿಯೋ

ಮಣ್ಣಿನ ಕಟ್ಟೆ ಸೋರುತ್ತದೆ. ಒಂದು ಹನಿಯೂ ಸೋರದ ಮಣ್ಣಿನ ಕಟ್ಟೆಯನ್ನು ಯಾರೂ ಕಟ್ಟಿಲ್ಲ. ಏರಿಯ ಹೊರಮೈ ಬುಡದಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಹುಲ್ಲು, ಒಂದಿಷ್ಟು ಜೌಗು ಪ್ರತಿವರ್ಷ ಅಷ್ಟಕ್ಕಷ್ಟೇ ಇದ್ದರೆ ಗಾಬರಿ ಬೇಕಿಲ್ಲ. ನೋಡಬೇಕಾದ್ದು ಜಿನುಗುವ ನೀರಿನ ಬಣ್ಣ. ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಬಿಟ್ಟು ತಳ ನೋಡಿ. ತಿಳಿಯಾಗಿದ್ದರೆ ಬರುತ್ತಿರುವುದು ಬರೀ ನೀರು. ತಳದಲ್ಲಿ ಮಣ್ಣು ಕೂತಿದ್ದರೆ ಬರುತ್ತಿರುವುದು ಕಟ್ಟೆ.

ಹತ್ತು ಮೀಟರ್ ಆಳದ ನೀರು ತಳದ ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್ ಹೇರುತ್ತದೆ. ಹಿಂದಿರುವುದು ಎರಡು ಎಕರೆ ಹೊಂಡವೋ ಸಾವಿರ ಎಕರೆ ಜಲಾಶಯವೋ, ಒತ್ತಡಕ್ಕೆ ಲೆಕ್ಕವಿಲ್ಲ. ಅದು ಕೇಳುವುದು ಆಳವನ್ನಷ್ಟೇ. ಆ ಒತ್ತಡಕ್ಕೆ ನೀರು ಮಣ್ಣಿನ ಕಣಗಳ ಸಂದಿಯಲ್ಲಿ ನುಸುಳಿ ಹೊರಮೈಗೆ ಬರುತ್ತದೆ. ಹೊರಬೀಳುವ ಜಾಗದ ಕಣಕ್ಕೆ ಮುಂದೆ ಆಸರೆ ಇರುವುದಿಲ್ಲ, ಅದು ಕಳಚಿಕೊಳ್ಳುತ್ತದೆ. ಅದರ ಹಿಂದಿನ ಕಣಕ್ಕೂ ಅದೇ ಗತಿ. ಹೀಗೆ ಬಿಲ ಹೊರಗಿನಿಂದ ಒಳಕ್ಕೆ, ಕೆರೆಯ ಕಡೆಗೆ ಬೆಳೆಯುತ್ತದೆ. ಬೆಳೆದಷ್ಟೂ ನೀರಿನ ದಾರಿ ಗಿಡ್ಡವಾಗಿ ರಭಸ ಹೆಚ್ಚುತ್ತದೆ. ವರ್ಷಗಟ್ಟಲೆ ಮೆಲ್ಲಗೆ ಸಾಗಿದ ಕೊರೆತ, ಕೆರೆಯ ನೀರನ್ನು ಮುಟ್ಟಿದ ಮೇಲೆ ಕೆಲವೇ ಗಂಟೆಗಳಲ್ಲಿ ಏರಿಯನ್ನು ಮುಗಿಸಿಬಿಡಬಲ್ಲದು.

ಈ ಬಿಲಕ್ಕೆ ಪೀಠಿಕೆ ಹಾಕುವವರು ಹಲವರು: ಹೆಗ್ಗಣ, ಏಡಿ, ತೂಬಿನ ಕೊಳವೆಯ ಸುತ್ತ ಸರಿಯಾಗಿ ದಮ್ಮಸ್ಸು ಮಾಡದ ಮಣ್ಣು, ಏರಿಯ ಮೇಲಿನ ಮರದ ಬೇರು. ಹಾಗಂತ ದೊಡ್ಡ ಮರವನ್ನು ಕಡಿದುಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಸತ್ತ ಬೇರು ಕೊಳೆತು ಟೊಳ್ಳಾದರೆ ನೀರಿಗೆ ಸಿದ್ಧ ಕೊಳವೆ. ಸಸಿಯಿದ್ದಾಗಲೇ ಕೀಳುವುದು ಸುಲಭ, ಯಾರೂ ಕೀಳುವುದಿಲ್ಲ. ಎಂಜಿನಿಯರುಗಳ ಮದ್ದು ಮಾತ್ರ ಸರಳ. ಅವರಲ್ಲೊಬ್ಬರಾದ ಕಾರ್ಲ್ ಟೆರ್ಜಾಗಿ ಲೆಕ್ಕ ಹಾಕಿ ತೋರಿಸಿದಂತೆ, ಮಣ್ಣಿನ ಕಣಕ್ಕೆ ತಕ್ಕ ಗಾತ್ರದ ಮರಳಿನ ಪದರವೊಂದನ್ನು ಏರಿಯ ಒಡಲಲ್ಲಿ ಇಟ್ಟರೆ ಅದು ಜರಡಿಯಂತೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುತ್ತದೆ. ಜೆಸಿಬಿ ತಂದು ನಾಲ್ಕು ದಿನದಲ್ಲಿ ಮಣ್ಣು ಎಳೆದು ಮುಗಿಸುವ ಖಾಸಗಿ ಕಟ್ಟೆಯಲ್ಲಿ ಆ ಪದರ ಎಲ್ಲಿಂದ ಬರಬೇಕು?

ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೋವಾ ಊರಿನ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಒಂದು ಬೈಬಲ್ ಕಾಲೇಜಿನ ಸ್ವಂತದ್ದಾಗಿತ್ತು. 1899ರಲ್ಲಿ ವಿದ್ಯುತ್ತಿಗೆಂದು ಮರದ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ್ದ ಗಿಡ್ಡ ಕಟ್ಟೆಗೆ ಆಮೇಲೆ ಮಣ್ಣು ಸುರಿದು, ಮತ್ತೆ ಎತ್ತರಿಸಿ, 38 ಅಡಿಗೆ ತಂದಿದ್ದರು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ಕೆರೆ ವಿಹಾರಕ್ಕೆ ಉಳಿಯಿತು. ಕಟ್ಟೆಯನ್ನು ದಿನವೂ ನೋಡುವ ಕೆಲಸ ಮಾತ್ರ ಯಾರಿಗೂ ಉಳಿಯಲಿಲ್ಲ. ಏರಿಯ ಮೇಲೆ ಪೈನ್ ಮರಗಳು ಬೆಳೆದವು. ಹೊರಮೈ ತುಂಬ ಕಡಿದಾಗಿತ್ತು. 1973ರ ಒಂದು ಫೋಟೋದಲ್ಲೇ ಆ ಮೈಯ ಒಂದು ಭಾಗ ಜಾರಿ ಕುಸಿದದ್ದು ಕಾಣುತ್ತದೆ. 1977ರ ನವೆಂಬರ್ 6ರ ನಡುರಾತ್ರಿ ಕಳೆದು ಒಂದೂವರೆ ಗಂಟೆಗೆ, ಜಡಿಮಳೆಯ ಬೆನ್ನಿಗೆ, ಕಟ್ಟೆ ಒಡೆಯಿತು. ನೀರು 186 ಅಡಿಯ ಜಲಪಾತದಿಂದ ಧುಮುಕಿ ಕಾಲೇಜಿನ ಹಾಸ್ಟೆಲು, ಮನೆಗಳ ಮೇಲೆ ಹಾಯಿತು. 39 ಮಂದಿ ಸತ್ತರು.

ಎಷ್ಟು ನೀರು? ನಮ್ಮ ಅಳತೆಯಲ್ಲಿ ಸುಮಾರು 0.027 ಟಿಎಂಸಿ. ಕೆಆರ್‌ಎಸ್‌ನ 49 ಟಿಎಂಸಿಯಲ್ಲಿ ಸಾವಿರದ ಎಂಟುನೂರನೆಯ ಒಂದು ಪಾಲು. ಆದರೆ ಒಡೆದಾಗ ಹರಿವು 24 ಸಾವಿರ ಕ್ಯೂಸೆಕ್ ಮುಟ್ಟಿತ್ತೆಂದು ಅಂದಾಜು. ಚಿಕ್ಕ ಕೆರೆ ಒಂದೇ ಗುಟುಕಿಗೆ ಬರಿದಾಗುತ್ತದೆ, ಅದೇ ಅದರ ಕೇಡು. ತನಿಖೆ ಯಾವುದೋ ಒಂದನ್ನೇ ಕಾರಣವೆಂದು ಬೊಟ್ಟು ಮಾಡಲಿಲ್ಲ. ಒಳಕೊರೆತದ ಜೊತೆ ಕಡಿದಾದ ಹೊರಮೈ ಜಾರಿರುವುದು ಹೆಚ್ಚು ಸಂಭವ ಎಂದಿತು.

ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜಾರ್ಜಿಯಾದವರೇ. ಅವರ ಆದೇಶದಂತೆ ಸೇನೆಯ ಎಂಜಿನಿಯರುಗಳು ಎಂಟು ಸಾವಿರಕ್ಕೂ ಹೆಚ್ಚು ಕಟ್ಟೆಗಳನ್ನು ನೋಡಿ ಬಂದರು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಸುರಕ್ಷಿತ. ಆ ಪೈಕಿ ಬಹುಪಾಲಿನ ದೋಷ ಒಂದೇ: ಕೋಡಿ ಸಾಲದು.

ಕೋಡಿ ಬಿದ್ದರೆ ನಮ್ಮೂರುಗಳಲ್ಲಿ ಪೂಜೆ, ಬಾಗಿನ. ಸಂಭ್ರಮದ ಒಳಗೆ ಗಟ್ಟಿ ಎಂಜಿನಿಯರಿಂಗ್ ಇದೆ. ನೀರು ಏರಿಯ ನೆತ್ತಿ ಹತ್ತಿದರೆ ಹೊರಮೈ ಮಣ್ಣನ್ನು ಕೊಚ್ಚಿಕೊಂಡೇ ಇಳಿಯುತ್ತದೆ. ಅದಕ್ಕೇ ನೆತ್ತಿಗಿಂತ ತಗ್ಗಿನಲ್ಲಿ, ಗಟ್ಟಿ ನೆಲದ ಮೇಲೆ ಹೆಚ್ಚುವರಿ ನೀರಿಗೊಂದು ಬಾಗಿಲು. ಇನ್ನೊಂದಡಿ ನೀರು ನಿಲ್ಲಲೆಂದು ಅಲ್ಲಿ ಮರಳುಚೀಲ ಇಡುವವರಿದ್ದಾರೆ, ಮೀನು ಹೋಗದಿರಲೆಂದು ಬಲೆ ಕಟ್ಟುವವರಿದ್ದಾರೆ. ಹವಾಯಿಯ ಕವಾಯಿ ದ್ವೀಪದ ಕಾ ಲೋಕೋ ಎಂಬ ಹಳೆಯ ಕಬ್ಬಿನ ತೋಟದ ಕಟ್ಟೆ 2006ರ ಮಾರ್ಚ್‌ನಲ್ಲಿ ಒಡೆದು ಏಳು ಮಂದಿ ಸತ್ತರು. ಕೋಡಿ ಮುಚ್ಚಿಹೋಗಿದ್ದದ್ದು ತನಿಖೆಯಲ್ಲಿ ಹೊರಬಂತು.

ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯ. 10ರಿಂದ 15 ಮೀಟರಿನವಾದರೆ ಉದ್ದ 500 ಮೀಟರ್ ಅಥವಾ ಸಂಗ್ರಹ 10 ಲಕ್ಷ ಘನ ಮೀಟರ್ ಮುಂತಾದ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. ಕೆಲ್ಲಿ ಬಾರ್ನ್ಸ್ ಹನ್ನೊಂದೂವರೆ ಮೀಟರ್ ಎತ್ತರ, ಸುಮಾರು 120 ಮೀಟರ್ ಉದ್ದ, 8 ಲಕ್ಷ ಘನ ಮೀಟರಿಗೂ ಕಡಿಮೆ ನೀರು. ಈ ಅಳತೆಗಳಲ್ಲಿ ನಮ್ಮ ಕಾಯ್ದೆಯ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ನೀರು ಕೊಡುವ ಎಷ್ಟೋ ಕೆರೆಗಳು ಇದಕ್ಕಿಂತ ಚಿಕ್ಕವು. ಕೆಳಗೆ ಲೈನ್‌ಮನೆಗಳಿದ್ದರೆ ಅಪಾಯವೇನೂ ಚಿಕ್ಕದಾಗುವುದಿಲ್ಲ. ಊರ ಕೆರೆಗೆ ನೀರುಗಂಟಿ ಇರುತ್ತಿದ್ದ. ಇವುಗಳಿಗೆ ಮಾಲೀಕನೇ ನೀರುಗಂಟಿ.

ಲೋಟದ ತಳದಲ್ಲಿ ಮಣ್ಣು ಕಂಡರೆ ಕೈ ಮೊದಲು ಹೋಗುವುದು ಜೇಡಿಮಣ್ಣಿಗೆ, ತೂತು ಮೆತ್ತಲು. ಮೆತ್ತಬಾರದು. ಒಳಗಿನ ಒತ್ತಡ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಕೆಳಗಿನ ಮನೆಗಳಿಗೆ ಮೊದಲು ಫೋನು. ಆಮೇಲೆ ತೂಬೆತ್ತಿ, ಪಂಪು ಹಚ್ಚಿ ನೀರಿಳಿಸುವುದು. ಒಸರುವ ಬಾಯಿಗೆ ಮರಳು, ಅದರ ಮೇಲೆ ಜಲ್ಲಿ: ನೀರು ಹೊರಬರಲಿ, ಮಣ್ಣು ಬರದಿರಲಿ.